ಚುಕ್ಕಿಗೆರೆಯ ಚೌಕ

ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಕೆಲವು ಸಂಗತಿಗಳು ನಾನು ನೆನಪಿಟ್ಟುಕೊಂಡಂತೆ ನಡೆದಿರಲಿಕ್ಕಿಲ್ಲ. ನಾನು ಏಳನೇ ತರಗತಿಯಲ್ಲಿದ್ದೆ ಎಂದು ಬರೆದರೆ ಅದು ಎಂಟನೆಯದಿರಬಹುದು. ನೀಲಿ ಎಂದದ್ದು ಬೂದು ಬಣ್ಣ ಇದ್ದಿರಬಹುದು. ಅವತ್ತು ವಕೀಲರು ನಕ್ಕರು ಎಂದು ಮೂವತ್ತು ವರ್ಷದಿಂದ ನಂಬಿಕೊಂಡಿದ್ದೇನೆ. ಪಾಪ, ಅವರಿಗೆ ಬರೀ ಕೆಮ್ಮು ಬಂದಿತ್ತೇನೋ. ಆಗಲೂ ನಾನು ದಿನಚರಿ ಬರೆಯುತ್ತಿದ್ದೆ, ಅದನ್ನು ತೆಗೆದು ನೋಡಬಹುದಲ್ಲ ಎಂದು ನೀವು ಕೇಳುತ್ತೀರಿ. ನೋಡಿದೆ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: "ಇವತ್ತು ಮನೆಗೆ ವಕೀಲರು ಬಂದಿದ್ದರು. ಅವ್ವ ಶಿರಾ ಮಾಡಿದ್ದಳು. ಚಲೋ ಆಗಿತ್ತು." ಸುಳ್ಳು ಹೇಳದೆಯೂ ಮುಚ್ಚಿಡಬಹುದು ಎಂಬುದನ್ನು ಅಷ್ಟು ಸಣ್ಣ ವಯಸ್ಸಿಗೇ ಕಲಿತಿದ್ದೆ.

ನೆನಪು ಕೆದಕಿದ್ದು ನಮ್ಮ ಕಾಲೇಜಿನ ಗೋಡೆಗೆ ಬಿದ್ದ ಒಂದು ನಕ್ಷೆ. ತಾಂಡೂರಿನ ಖಾಸಗಿ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ಊರಿನ ಕಲ್ಲುಗಣಿಗಳ ಬಿಳಿ ಧೂಳು ಪುಸ್ತಕಗಳ ಮೇಲೆ ದಿನವೂ ಕೂರುತ್ತದೆ, ದಿನವೂ ನಾನು ಒರೆಸುತ್ತೇನೆ; ಓದುವವರಿಗಿಂತ ಹೆಚ್ಚು ಸಲ ನಾನೇ ಆ ಪುಸ್ತಕಗಳನ್ನು ಮುಟ್ಟಿದ್ದೇನೆ. ತಪಾಸಣೆಯ ಸಮಿತಿ ಬರುವುದಿದೆ ಎಂದು ಪ್ರಾಂಶುಪಾಲರು ಕಾಲೇಜಿನ ಆಡಳಿತದ ನಕ್ಷೆಯೊಂದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಹಜಾರದಲ್ಲಿ ತೂಗುಹಾಕಿದರು. ಮೇಲೆ ಅವರ ಚೌಕ, ಅದರಿಂದ ಇಳಿದ ಗೆರೆಗಳು, ಗೆರೆಯ ತುದಿಗೆ ವಿಭಾಗಗಳು. ಮೂಲೆಯಲ್ಲಿ ಗ್ರಂಥಾಲಯ. ಅದಕ್ಕೆ ಮಾತ್ರ ಗೆರೆ ಇಲ್ಲ, ಚುಕ್ಕಿ ಚುಕ್ಕಿ. ಕಚೇರಿಯ ಅಂಜಯ್ಯನವರನ್ನು ಕೇಳಿದರೆ ತೆಲುಗಿನಲ್ಲಿ, "ನೀವು ಯಾರ ಕೈಕೆಳಗೆ ಬರ್ತೀರೋ ನಮಗೂ ಗೊತ್ತಿಲ್ಲ ಮೇಡಂ, ಅದಕ್ಕೇ ಚುಕ್ಕಿ ಹಾಕಿದ್ವಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮಧ್ಯಾಹ್ನ ಡಬ್ಬಿ ಬಿಚ್ಚದೆ ಮತ್ತೆ ಆ ನಕ್ಷೆಯ ಮುಂದೆ ಹೋಗಿ ನಿಂತೆ. ಇಂಥದೇ ಒಂದು ಚುಕ್ಕಿಗೆರೆಯನ್ನು ಹಿಂದೆ ಒಮ್ಮೆ ಕಂಡಿದ್ದೆ. ಅದರ ಅರ್ಥವನ್ನು ಒಬ್ಬ ಹೆಂಗಸಿಗೆ ಬಹಳ ಧೈರ್ಯದಿಂದ ಹೇಳಿಯೂ ಇದ್ದೆ.

ಆಕೆ ನನ್ನ ಕಾಕು, ಮಾಣಿಕಮ್ಮ. ಅಪ್ಪನ ಕಿರಿಯ ತಮ್ಮನ ಹೆಂಡತಿ. ಮದುವೆಯಾದ ನಾಲ್ಕನೇ ವರ್ಷಕ್ಕೆ ಕಾಕಾ ಜ್ವರ ಬಂದು ತೀರಿಕೊಂಡ, ಮಕ್ಕಳಿರಲಿಲ್ಲ. ಜಹೀರಾಬಾದಿನಲ್ಲಿ ನಮ್ಮದು ಕಿರಾಣಿ ಮತ್ತು ಬೇಳೆಕಾಳಿನ ಅಂಗಡಿ, ಹಿಂದೆಯೇ ಮನೆ. ದೊಡ್ಡಪ್ಪ ಯಜಮಾನ. ಅಪ್ಪ ಊರೂರು ತಿರುಗಿ ಮಾಲು ತರುವವನು. ಕಾಕುವಿಗೆ ಅಂಗಡಿಯಲ್ಲಿ ಎರಡು ಕೆಲಸಗಳಿದ್ದವು, ಎರಡೂ ಅಂಗಡಿಯ ಒಳಗಲ್ಲ, ಅದಕ್ಕೂ ಮನೆಗೂ ನಡುವಿನ ಬಾಗಿಲ ಹಿಂದೆ.

ಒಂದು, ತೊಗರಿ ಕಡಿದು ನೋಡುವುದು. ಝರಾಸಂಗಂ ಕಡೆಯ, ಮನೂರ್ ಕಡೆಯ ರೈತರು ಕಾಳಿನ ನಮೂನೆ ತಂದರೆ ದೊಡ್ಡಪ್ಪ ಅದನ್ನೊಂದು ಹಿತ್ತಾಳೆ ತಟ್ಟೆಯಲ್ಲಿ ಹಾಕಿ ನನ್ನ ಕೈಗೆ ಕೊಡುತ್ತಿದ್ದ. ನಾನು ಒಳಗೆ ಒಯ್ಯಬೇಕು. ಕಾಕು ಎರಡು ಕಾಳು ಬಾಯಿಗೆ ಹಾಕಿ ಹಲ್ಲಿನಲ್ಲಿ ಒಡೆದು, ಕಣ್ಣು ಮುಚ್ಚಿ, ಸದ್ದು ಕೇಳಿಸಿಕೊಳ್ಳುವಂತೆ ತಲೆ ಓರೆ ಮಾಡಿ ಹೇಳುತ್ತಿದ್ದಳು: "ಹಸಿ ಅದ. ಇನ್ನಾ ಎರಡ ಬಿಸಲ ಬೇಕು ಅಂತ ಹೇಳು." ನಾನು ಓಡಿಹೋಗಿ ದೊಡ್ಡಪ್ಪನ ಕಿವಿಯಲ್ಲಿ ಹೇಳುತ್ತಿದ್ದೆ. ಅವನು ತಾನೂ ಒಂದು ಕಾಳು ಕಡಿದಂತೆ ಮಾಡಿ, ಕಣ್ಣು ಮುಚ್ಚಿ, ತಲೆ ಓರೆ ಮಾಡಿ, "ಹಸಿ ಅದಪ್ಪಾ, ಇನ್ನಾ ಎರಡ ಬಿಸಲ ಬೇಕು" ಎನ್ನುತ್ತಿದ್ದ. ದೊಡ್ಡಪ್ಪನ ಹಲ್ಲಿಗೆ ನಾಲ್ಕು ಊರಲ್ಲಿ ಹೆಸರಿತ್ತು.

ಇನ್ನೊಂದು, ಪೊಟ್ಟಣ ಮಾಡುವುದು. ಪ್ಲಾಸ್ಟಿಕ್ ಚೀಲಗಳು ಇನ್ನೂ ಪೂರ್ತಿ ಬಂದಿರಲಿಲ್ಲ. ಮೈದಾ ಕುದಿಸಿ, ಹುಳ ಹಿಡಿಯಬಾರದೆಂದು ಚಿಟಿಕೆ ಮೈಲುತುತ್ತ ಹಾಕಿ ಅಂಟು ಮಾಡುತ್ತಿದ್ದಳು. ರದ್ದಿ ಹಾಳೆಯನ್ನು ತೊಡೆಯ ಮೇಲೆ ಇಟ್ಟು, ಒಂದು ತಿರುವು, ಒಂದು ಮಡಿಕೆ, ಒಂದು ಬೆರಳಿನ ಅಂಟು. ಹಾಳೆ ನೆಲಕ್ಕೆ ಬೀಳುವಷ್ಟರಲ್ಲಿ ಪೊಟ್ಟಣವಾಗಿರುತ್ತಿತ್ತು. ನಾನು ಮಾಡಿದವು ಸಕ್ಕರೆ ಹಾಕಿದ ಕೂಡಲೇ ಕೆಳಗಿನಿಂದ ಬಾಯಿ ತೆರೆಯುತ್ತಿದ್ದವು. "ನಿಂದು ಪುಡಾ ಅಲ್ಲವ್ವಾ, ಜರಡಿ" ಎಂದು ಕಾಕು ನಗುತ್ತಿದ್ದಳು.

ಪೊಟ್ಟಣ ಮಾಡಲು ನಮ್ಮ ಮನೆಯಲ್ಲಿ ಒಂದು ನಿಯಮವಿತ್ತು. ಬೇರೆ ಮನೆಗಳಲ್ಲಿ ಇತ್ತೋ ಇಲ್ಲವೋ ಗೊತ್ತಿಲ್ಲ. ದೇವರ ಹೆಸರಿರುವ ಹಾಳೆ ಆಗದು, ಸತ್ತವರ ಹೆಸರಿರುವ ಹಾಳೆಯೂ ಆಗದು. ಒಮ್ಮೆ ಯಾರದೋ ಶ್ರದ್ಧಾಂಜಲಿಯ ಪ್ರಕಟಣೆ ತಂಬಾಕಿನ ಪೊಟ್ಟಣವಾಗಿ ಸತ್ತವನ ಮಗನ ಕೈಗೇ ಹೋಗಿತ್ತಂತೆ; ಅವನು ಅಂಗಡಿಯ ಮುಂದೆ ನಿಂತು ಅತ್ತನಂತೆ. ಅಂದಿನಿಂದ ಪ್ರತಿ ಹಾಳೆಯನ್ನೂ ಯಾರಾದರೂ ಓದಿ ಪಾಸು ಮಾಡಬೇಕು. ಕನ್ನಡವನ್ನು ಕಾಕುವೇ ಅಕ್ಷರ ಕೂಡಿಸಿ ಓದುತ್ತಿದ್ದಳು. ತೆಲುಗು, ಇಂಗ್ಲಿಷ್ ನನ್ನ ಪಾಲಿಗೆ. ಶಾಲೆಯಲ್ಲಿ ಇಂಗ್ಲಿಷಿಗೆ ನನಗೊಂದು ಸ್ಟೀಲಿನ ಲೋಟ ಬಹುಮಾನ ಬಂದಿತ್ತು. ಅದರಲ್ಲಿ ಚಹಾ ಕುಡಿದು ಕುಡಿದು ನನಗೆ ಇಂಗ್ಲಿಷ್ ಬರುತ್ತದೆಂದು ನಾನೇ ನಂಬಿದ್ದೆ.

ಒಂದು ಸಲ ಅಪ್ಪ ಹೈದರಾಬಾದಿನ ರದ್ದಿ ಬಜಾರಿನಿಂದ ಒಂದು ಹೊರೆ ಪುಸ್ತಕ ತಂದ. ಎಲ್ಲವೂ ಒಂದೇ ಪುಸ್ತಕದ ಪ್ರತಿಗಳು: ಯಾವುದೋ ದೊಡ್ಡ ಪರದೇಶಿ ಬ್ಯಾಂಕಿನ ವಾರ್ಷಿಕ ವರದಿ. ಅಂಥ ಕಾಗದವನ್ನು ನಮ್ಮ ಮನೆ ಕಂಡಿರಲಿಲ್ಲ. ದಪ್ಪ, ನುಣುಪು, ಮೂಸಿದರೆ ಹೊಸ ಚಪ್ಪಲಿಯ ವಾಸನೆ. ಅಂಟು ಹಿಡಿಯುತ್ತಿರಲಿಲ್ಲ, ಕಾಕು ಮೈದಾ ಹೆಚ್ಚು ಮಾಡಿದಳು. ಆದರೆ ಒಮ್ಮೆ ಹಿಡಿದರೆ ಖಾರದ ಪುಡಿಯ ಒಂದು ಕಣವೂ ಸೋರುತ್ತಿರಲಿಲ್ಲ. ಮೊದಲ ಪುಟಗಳಲ್ಲಿ ಸೂಟು ಹಾಕಿದ ನಿರ್ದೇಶಕರ ಚಿತ್ರಗಳು. ಆ ಪುಟಗಳಲ್ಲಿ ಬೆಲ್ಲ ಕಟ್ಟಿ ಕೊಟ್ಟಾಗ ಗಿರಾಕಿಯೊಬ್ಬಳು, "ಬೆಲ್ಲ ತಗೊಂಡ್ರ ಸಾಹೇಬ್ರು ಫುಕಟ್ ಏನ್ರಿ?" ಎಂದು ದೊಡ್ಡಪ್ಪನನ್ನು ಕೇಳಿದ್ದಳು.

ತೊಂದರೆ ಬಂದದ್ದು ಬ್ಯಾಂಕಿನ ಇತಿಹಾಸದ ಅಧ್ಯಾಯಕ್ಕೆ. ಕಾಕು ಕೇಳಿದಳು: "ಇದರಾಗ ಸತ್ತವ್ರು ಯಾರರ ಅದಾರೇನು ನೋಡು ನಂದಾ."

ನೋಡಿದೆ. ಎಲ್ಲರೂ ಸತ್ತವರೇ. ನೂರು ನೂರೈವತ್ತು ವರ್ಷದ ಹಿಂದೆ ಯಾವುದೋ ಬಂದರಿನಲ್ಲಿ ಕೆಲವು ವರ್ತಕರು ಕೂಡಿ ಕಟ್ಟಿದ ಬ್ಯಾಂಕು. ಒಬ್ಬರ ನಂತರ ಒಬ್ಬರು, ಗಡ್ಡದವರು, ಗಡ್ಡವಿಲ್ಲದವರು, ಹೆಸರಿನ ಕೆಳಗೆ ಹುಟ್ಟು ಸಾವಿನ ಇಸವಿಗಳು.

"ಇಷ್ಟ ಮಂದಿ ಸತ್ತಾರ?" ಕಾಕು ಗಾಬರಿಯಾದಳು. "ಬ್ಯಾಡ ಬ್ಯಾಡ, ತಗದಿಡು. ಸತ್ತವ್ರ ಮ್ಯಾಲ ಉಪ್ಪ ಕಟ್ಟಬಾರ್ದು."

ಹಾಗೆ ಬ್ಯಾಂಕಿನ ವ್ಯವಹಾರವೆಲ್ಲ ಜೀರಿಗೆ ಮೆಣಸಿನ ಪೊಟ್ಟಣವಾಗಿ ಊರಿಗೆ ಹಂಚಿಹೋದರೂ ಅದರ ಇತಿಹಾಸ ಮಾತ್ರ ನಮ್ಮ ಅಟ್ಟದ ಮೇಲೆ ಒಟ್ಟಾಗುತ್ತ ಹೋಯಿತು. ಒಟ್ಟಾದದ್ದರ ಮೇಲೆ ಕಾಕುವಿಗೆ ಕುತೂಹಲ ಹುಟ್ಟಿತು. ಮಧ್ಯಾಹ್ನ ಶಾಲೆಯಿಂದ ಬಂದರೆ ಹುರಿದ ಶೇಂಗಾ ಇಟ್ಟು, "ಆ ಮಂದೀದು ಮುಂದೇನಾತು, ಹೇಳು" ಎನ್ನುತ್ತಿದ್ದಳು. ನನಗೆ ಐದು ಶಬ್ದಕ್ಕೆ ಒಂದು ತಿಳಿಯುತ್ತಿತ್ತು. ಉಳಿದ ನಾಲ್ಕನ್ನು ನಾನೇ ತುಂಬಿದೆ. ನಿಜವಾಗಿ ಅಲ್ಲಿ ಏನಿತ್ತು? ಹಡಗುಗಳು, ಚಹಾ, ಹತ್ತಿ; ಒಂದು ಬ್ಯಾಂಕು ಇನ್ನೊಂದನ್ನು ಕೊಂಡದ್ದು; ಯುದ್ಧದಲ್ಲಿ ಸುಟ್ಟ ಕಟ್ಟಡ; ಮತ್ತೆ ಕಟ್ಟಿದ ಕಟ್ಟಡ. ನಾನು ಹೇಳಿದ ಕಥೆಯಲ್ಲಿ ಸಮುದ್ರದಲ್ಲಿ ಕಳೆದುಹೋದ ಅಣ್ಣ ಇದ್ದ, ಮಾತು ಬಿಟ್ಟ ತಮ್ಮ ಇದ್ದ, ಅತ್ತೆಯ ಕಾಟವೂ ಇತ್ತು. ಆ ಮನೆಯಲ್ಲಿ ನನ್ನ ಮಾತನ್ನು ಅಷ್ಟು ಹೊತ್ತು ಕೇಳುತ್ತಿದ್ದವಳು ಅವಳೊಬ್ಬಳೇ. ತೊಗರಿಯ ವಿಷಯದಲ್ಲಿ ಅವಳು ಹೇಳಿದ್ದನ್ನು ಒಂದಕ್ಷರ ಕೂಡಿಸದೆ ದೊಡ್ಡಪ್ಪನ ಕಿವಿಗೆ ಮುಟ್ಟಿಸುತ್ತಿದ್ದ ನಾನು, ಇಂಗ್ಲಿಷಿನಿಂದ ಅವಳ ಕಿವಿಗೆ ಬರುವ ದಾರಿಯಲ್ಲಿ ಯಾಕೆ ಅಷ್ಟೆಲ್ಲ ಕೂಡಿಸಿದೆ? ಶೇಂಗಾದ ಆಸೆಗೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬಹುಶಃ ಅದು ಪೂರ್ತಿ ನಿಜವಲ್ಲ.

ಪುಸ್ತಕದ ನಡುವೆ ಎರಡು ಪುಟದಷ್ಟು ಅಗಲದ ಒಂದು ನಕ್ಷೆ ಇತ್ತು. ಬ್ಯಾಂಕಿನ ವ್ಯವಹಾರದ ವಿಭಾಗಗಳನ್ನು ತೋರಿಸುವ ನಕ್ಷೆ. ಮೇಲೊಂದು ಚೌಕ, ಕೆಳಗೆ ಐದು. ಕಾಕು ಅದನ್ನು ಕಂಡ ಕೂಡಲೇ, "ಹೆಳವರ ಪುಸ್ತಕದ ಹಾಂಗ ಅದಲ್ಲ ಇದು!" ಎಂದಳು. ಹೆಳವರು ಎತ್ತಿನ ಮೇಲೆ ಬಂದು ನಮ್ಮ ಮನೆತನಗಳ ಏಳು ತಲೆಮಾರನ್ನು ಓದಿ ಹೇಳಿ ಜೋಳ ಇಸಿದುಕೊಂಡು ಹೋಗುವವರು. ಅವರಲ್ಲೊಬ್ಬ ಪುಸ್ತಕದಲ್ಲಿ ಹೀಗೆಯೇ ಚೌಕ ಬರೆದು, ಅಣ್ಣತಮ್ಮಂದಿರ ಹೆಸರು ತುಂಬಿ, ಗೀಟು ಎಳೆದು ಇಟ್ಟುಕೊಂಡಿದ್ದ. ಕಾಕಾನ ಚೌಕದ ಕೆಳಗೆ ಏನೂ ಇರಲಿಲ್ಲ. "ಇಲ್ಲಿಗೆ ಮುಗೀತು" ಎಂದು ಅವನು ಓದಿದಾಗ ಕಾಕು ಒಳಗೆ ಎದ್ದು ಹೋಗಿದ್ದು ನನಗೆ ನೆನಪಿದೆ. ಇದು ಮಾತ್ರ ನಿಜವಾದ ನೆನಪು ಎಂದು ಪ್ರಮಾಣ ಮಾಡಬಲ್ಲೆ.

ಆ ನಕ್ಷೆ ಮನೆತನದ್ದೇ ಎಂದು ನಾನೂ ತಿಳಿದೆನೋ, ಕಾಕುವಿಗೆ ಹಾಗೆ ಅನಿಸಿದೆ ಎಂದು ಸುಮ್ಮನೆ ಹೂಂಗುಟ್ಟಿದೆನೋ? ಈಗ ಬೇರ್ಪಡಿಸಲಾರೆ. ಐವರು ಅಣ್ಣತಮ್ಮಂದಿರು ಎಂದೆ. ಒಬ್ಬ ಸಣ್ಣಪುಟ್ಟ ಜನರ ವ್ಯವಹಾರ ನೋಡಿಕೊಂಡ. ಒಬ್ಬ ದೊಡ್ಡ ಕಾರಖಾನೆಗಳದು. ಒಬ್ಬ ಹಡಗಿನ ಮಾಲಿನದು. ಒಬ್ಬ ಶ್ರೀಮಂತರ ಆಸ್ತಿ ಕಾಯುವುದು.

"ಅಂದ್ರ ಮನಿ ಒಡೀತು?"

"ಇಲ್ಲ ಕಾಕೂ. ಕೆಲಸ ಬ್ಯಾರೆ ಬ್ಯಾರೆ. ಬೋರ್ಡ ಒಂದೇ."

ಕಾಕು ಬಹಳ ಹೊತ್ತು ನೋಡಿದಳು. ಅಂಟು ಹತ್ತಿದ ಬೆರಳನ್ನು ಸೀರೆಗೆ ಒರೆಸಿ, ಕೊನೆಯ ಚೌಕದ ಹತ್ತಿರ, ತಾಗಿಸದೆ, ತಂದಳು. "ಇದರ ಗೀಟ ಯಾಕ ಚುಕ್ಕಿ ಚುಕ್ಕಿ?"

ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ನಾನು ಓದಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. "ಆಕೀ ಸಣ್ಣ ತಮ್ಮನ ಹೆಂಡತಿ" ಎಂದೆ. "ಗಂಡ ಸತ್ತಾನ. ಅದಕ್ಕ ಚುಕ್ಕಿ. ಆದ್ರ ಆಕೀದು ಚೌಕ ಬ್ಯಾರೆ ಇಟ್ಟಾರ. ಆಕೀ ಕೆಲಸ ಆಕೀನೇ ಮಾಡ್ತಾಳ."

"ಖರೇನಾ?"

"ಖರೇ."

ಆ ಹಾಳೆಯನ್ನು ಕಾಕು ಪೊಟ್ಟಣ ಮಾಡಲಿಲ್ಲ. ಮಡಚಿ ತನ್ನ ಟ್ರಂಕಿನಲ್ಲಿ, ಮದುವೆಯ ಸೀರೆಯ ಕೆಳಗೆ ಇಟ್ಟಳು.

ಅದಾಗಿ ಎಷ್ಟು ದಿನಕ್ಕೆ ವಕೀಲರು ಬಂದರೋ ತಿಳಿಯದು. ನಾರಾಯಣಖೇಡದ ಮಾರುಕಟ್ಟೆಯಲ್ಲಿ ನಮ್ಮದೊಂದು ಅಂಗಡಿ ತೆರೆಯುವುದೆಂದು ಗೊತ್ತಾಗಿತ್ತು. ಅಲ್ಲಿ ತೊಗರಿ, ಹೆಸರು, ಕಡಲೆ ಬಂದು ಬೀಳುತ್ತವೆ. ಕಾಕುವಿನ ತವರು ಮನೂರ್ ಅಲ್ಲಿಗೆ ಹತ್ತಿರ, ಆ ಕಡೆಯ ಅರ್ಧ ರೈತರು ಅವಳನ್ನು ಅಕ್ಕ ಎನ್ನುವವರು. ಅಲ್ಲಿ ಯಾರು ಕೂರಬೇಕು ಎಂಬುದಕ್ಕೆ ದೊಡ್ಡಪ್ಪ ತನ್ನ ಹೆಂಡತಿಯ ತಮ್ಮನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ. ಅವತ್ತು ಆ ಅಂಗಡಿಯ ಕರಾರುಪತ್ರ ಬರೆಯಬೇಕಿತ್ತು. ಪಡಸಾಲೆಯಲ್ಲಿ ದೊಡ್ಡಪ್ಪ, ಅಪ್ಪ, ವಕೀಲರು. ನಾನು ಶಿರಾದ ತಟ್ಟೆಗಳನ್ನು ಹಿಡಿದು ಬಾಗಿಲಲ್ಲಿದ್ದೆ. ನನ್ನನ್ನು ದಾಟಿ ಕಾಕು ಹೊರಗೆ ಬಂದಳು. ಸೆರಗು ತಲೆಯ ಮೇಲೆ, ಕೈಯಲ್ಲಿ ಆ ಹಾಳೆ.

"ಭಾವಾರೀ, ಒಂದ ಮಾತ ಇತ್ತರಿ."

"ಏನವ್ವಾ?"

"ನಾರಾಯಣಖೇಡದ ದುಕಾನ ನಾ ನೋಡ್ಕೋತೀನ್ರಿ."

ದೊಡ್ಡಪ್ಪ ಕೆಟ್ಟವನಲ್ಲ. ಅವನು ಮೊದಲು ನಿಜವಾಗಿಯೂ ತನಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡ. "ನೀ? ತಕ್ಕಡಿ ಕಾಟಾದ ಮುಂದ ನೀ ಕುಂದರ್ತೀ? ಮಂದಿ ಏನಂತಾರ?"

"ಮಂದಿಗಿ ತೊಗರಿ ಬೇಕ್ರಿ. ಇಲ್ಲಿ ಒಳಗ ಕುಂತು ಕಡೀತೀನಿ, ಅಲ್ಲಿ ಹೊರಗ ಕುಂತು ಕಡೀತೀನಿ. ಅಷ್ಟೇ ಫರಕ."

ಅಪ್ಪ ಗೋಡೆ ನೋಡಿದ. ತೊಗರಿ ಕಡಿಯುವವರು ಯಾರೆಂಬುದು ಹೊರಗಿನವರ ಮುಂದೆ ಆ ಮನೆಯಲ್ಲಿ ಯಾರೂ ಆಡದ ಮಾತು. ದೊಡ್ಡಪ್ಪನ ಮುಖ ಕೆಂಪಾಯಿತು. "ಇದು ಮನಿ ಒಡಿಯೋ ಮಾತವ್ವಾ."

"ಒಡಿಯೂದಿಲ್ರಿ. ಬೋರ್ಡ ನಿಮ್ಮದೇ ಇರ್ಲಿ. ನೋಡ್ರಿಲ್ಲಿ, ಎಷ್ಟ ದೊಡ್ಡ ಮಂದಿ ಇವ್ರು, ಹ್ಯಾಂಗ ಮಾಡ್ಯಾರ. ಗಂಡ ಸತ್ತಾಕಿಗೂ ಒಂದ ಚೌಕ ಕೊಟ್ಟಾರ." ಹಾಳೆಯನ್ನು ವಕೀಲರ ಮುಂದೆ ಹರಡಿದಳು.

ವಕೀಲರು ಕನ್ನಡಕ ಏರಿಸಿ ಓದಿದರು. ಸಣ್ಣ ಅಕ್ಷರವನ್ನೂ ಓದಿದರು. ನಕ್ಕರು, ಅಥವಾ ಕೆಮ್ಮಿದರು. "ಅಮ್ಮಾ, ಇದು ಮನೆತನ ಅಲ್ರಿ. ಬ್ಯಾಂಕಿನ ಬ್ಯಾರೆ ಬ್ಯಾರೆ ಕೆಲಸದ ಖಾತೆ ಇವು. ಈ ಚುಕ್ಕಿ ಗೀಟಿಂದು ವಿಮೆ ಖಾತೆ. ಅದನ್ನ ಮಾರಾಕ ಹತ್ಯಾರಂತ. ಬರೂ ವರ್ಷ ಇದು ಇರೂದಿಲ್ಲ."

ದೊಡ್ಡಪ್ಪನಿಗೆ ನಗು ಬಂತು. ಅದು ಸಮಾಧಾನದ ನಗು ಎಂದು ಈಗ ಅನಿಸುತ್ತದೆ; ಜಗಳ ತಪ್ಪಿತಲ್ಲ ಎಂದು. "ಕೇಳ್ದೇನವ್ವಾ? ಚುಕ್ಕಿ ಗೀಟಿನಾಕಿನ್ನ ಮಾರ್ತಾರಂತ!" ಎಂದು, ತಾನೇ ಆ ಮಾತಿಗೆ ಮತ್ತೊಮ್ಮೆ ನಕ್ಕು, ಆಮೇಲೆ ಕೇಳಿದ: "ಯಾರ ಓದಿ ಹೇಳ್ಯಾರ ನಿನಗ ಇದನ್ನ?"

ಆ ಮನೆಯಲ್ಲಿ ಇಂಗ್ಲಿಷ್ ಓದುವವರು ಎಷ್ಟು ಜನ ಇದ್ದರು? ಕೇಳುವ ಅಗತ್ಯವೇ ಇರಲಿಲ್ಲ. ಅಪ್ಪ ನನ್ನ ಕಡೆ ನೋಡಿದ ಎಂದು ನನ್ನ ನೆನಪು ಹೇಳುತ್ತದೆ. ಕಾಕು ನೋಡಲಿಲ್ಲ. ತಿರುಗಲೂ ಇಲ್ಲ.

"ಯಾರ ಇಲ್ರಿ. ನನಗ ಹಾಂಗ ಕಂಡಿತ್ತು."

ನಾನು ಬಾಗಿಲು ದಾಟಿ ಒಂದು ಹೆಜ್ಜೆ ಮುಂದೆ ಬರಬಹುದಿತ್ತು. ನಾನೇ ಹೇಳಿದ್ದು, ತಪ್ಪು ಹೇಳಿದ್ದೆ, ಆದರೆ ಕಾಕು ತೊಗರಿ ಕಡಿಯುವುದು ಸುಳ್ಳಲ್ಲವಲ್ಲ ಎನ್ನಬಹುದಿತ್ತು. ಅಂಥ ಮಾತು ಆ ವಯಸ್ಸಿಗೆ ಹೊಳೆಯುತ್ತದೆಯೇ ಎಂದು ನೀವು ನನ್ನ ಪರ ವಹಿಸಬೇಡಿ. ಹೊಳೆದಿತ್ತು. ನನ್ನ ಬಾಯಿ ತೆರೆದೂ ಇತ್ತು. ಆದರೆ ಸ್ಟೀಲಿನ ಲೋಟದ ಮಾನ ಹೋಗುತ್ತದೆ ಎನಿಸಿತು. ಶಿರಾದ ತಟ್ಟೆಗಳನ್ನು ಒಂದೊಂದಾಗಿ ಇಟ್ಟೆ, ಮೊದಲು ವಕೀಲರಿಗೆ.

ಮರುದಿನ ಅಟ್ಟದ ಮೇಲಿನ ಸತ್ತವರೆಲ್ಲ ಕೆಳಗಿಳಿದರು. ಕಾಕು ಇಡೀ ಇತಿಹಾಸವನ್ನು ಪೊಟ್ಟಣ ಮಾಡಿದಳು, ಯಾರನ್ನೂ ಕೇಳಲಿಲ್ಲ. ಆ ನಕ್ಷೆಯೂ ಅದರಲ್ಲಿ ಹೋಯಿತು. ಯಾವ ಕಾಳು ತುಂಬಿ ಯಾರ ಮನೆಗೆ ಹೋಯಿತೋ ನಾನು ನೋಡಲಿಲ್ಲ. ಮುಂದಿನ ವಾರ ಹಿತ್ತಾಳೆ ತಟ್ಟೆ ಒಯ್ದಾಗ, "ಹಲ್ಲ ನೋಯ್ತಾವ ಅಂತ ಹೇಳು" ಎಂದಳು. ನಾನು ಹೇಳಿದೆ. ದೊಡ್ಡಪ್ಪ ಕೈಯಲ್ಲಿದ್ದ ಕಾಳನ್ನು ನಿಜವಾಗಿ ಕಡಿಯಬೇಕಾಯಿತು. ಆ ವರ್ಷ ನಮ್ಮ ಗೋದಾಮಿನಲ್ಲಿ ತೊಗರಿಗೆ ಬೂಷ್ಟು ಹಿಡಿಯಿತು. ಕಾಕು ಪಂಚಮಿಗೆಂದು ಮನೂರಿಗೆ ಹೋದವಳು ತಿರುಗಿ ಬರಲಿಲ್ಲ. ಜಗಳವಿಲ್ಲ, ಪಂಚಾಯಿತಿ ಇಲ್ಲ. "ತವರಾಗ ಸುಖವಾಗಿ ಅದಾಳ" ಎಂದು ನಮ್ಮ ಮನೆಯಲ್ಲಿ ಹೇಳುವ ರೂಢಿಯಾಯಿತು.

ಕಾಲೇಜಿನ ನಕ್ಷೆ ಕಂಡ ರಾತ್ರಿಯಲ್ಲ, ಮರುದಿನ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಆ ಬ್ಯಾಂಕಿನ ಹೆಸರು ಹುಡುಕಿದೆ. ಹೆಸರು ಸರಿಯಾಗಿ ನೆನಪಿದೆಯೆಂದೇ ಭಾವಿಸುತ್ತೇನೆ. 'ನಮ್ಮ ಇತಿಹಾಸ' ಎಂಬ ಪುಟ ಇದೆ, ಬೆರಳಿನಿಂದ ಸರಿಸಿದರೆ ಶತಮಾನಗಳು ಸರಿಯುತ್ತವೆ. ವರ್ತಕರು ಇದ್ದಾರೆ, ಬಂದರು ಇದೆ. ನಾನು ಕಲಬುರಗಿಯಲ್ಲಿ ಇತಿಹಾಸವನ್ನೇ ಓದಿದವಳು. ಹಡಗಿನಲ್ಲಿ ಅಫೀಮೂ ಹೋಯಿತು ಎನ್ನಬೇಕಾದಲ್ಲಿ ಪುಟ ಒಂದು ದೊಡ್ಡ ಹೆಜ್ಜೆ ಹಾರಿ ಮುಂದೆ ಹೋಗುವುದು ನನಗೆ ತಿಳಿಯುತ್ತದೆ. ಅವರದೂ ನನ್ನ ದಿನಚರಿಯ ಹಾಗೆಯೇ. ವಿಮೆಯ ವಿಭಾಗ ಮಾರಿಹೋಗಿದೆ. ಶ್ರೀಮಂತರ ಆಸ್ತಿಯದು ಎರಡಾಗಿ, ಮತ್ತೆ ಒಂದಾಗಿ, ಹೊಸ ಹೆಸರು ಪಡೆದಿದೆ. ಸಣ್ಣ ಜನರ ವ್ಯವಹಾರವನ್ನು ಕೆಲವು ದೇಶಗಳಲ್ಲಿ ಬೇರೆ ಬ್ಯಾಂಕಿಗೆ ಕೊಟ್ಟಿದ್ದಾರೆ. ಎರಡು ಮೂರು ವರ್ಷಕ್ಕೊಮ್ಮೆ ಅವರು ಹೊಸದಾಗಿ ಪಾಲಾಗುತ್ತಾರೆ, ಹೊಸದಾಗಿ ಕೂಡುತ್ತಾರೆ. ಬೋರ್ಡು ಒಂದೇ. ಅಷ್ಟು ಮಟ್ಟಿಗೆ ನಾನು ಕಾಕುವಿಗೆ ಹೇಳಿದ್ದು ಸರಿಯಿತ್ತು. ಮನೆ ಒಡೆಯಬಾರದೆಂದ ದೊಡ್ಡಪ್ಪ ತೀರಿಕೊಂಡ ಮೇಲೆ ಅವನ ಮಕ್ಕಳು ಬೇರೆಯಾಗಿ, ಜಹೀರಾಬಾದಿನ ಒಂದೇ ಬೀದಿಯಲ್ಲಿ ಮೂರು ಬೋರ್ಡು ಹಾಕಿಕೊಂಡಿದ್ದಾರೆ. ನಾರಾಯಣಖೇಡದ ಅಂಗಡಿ ಅದಕ್ಕೂ ಮೊದಲೇ ಮುಚ್ಚಿತ್ತು.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಗಂಡನ ಪಾಲು ಕೇಳಲು ಕಾಕುವಿಗೆ ಪರದೇಶದ ಹಾಳೆ ಬೇಕಿರಲಿಲ್ಲ. ಕಾನೂನು ಅದನ್ನು ಕೊಟ್ಟಾಗಿತ್ತು. ಅದು ಗೊತ್ತಿದ್ದ ಮನುಷ್ಯ ಕನ್ನಡಕ ಹಾಕಿಕೊಂಡು ಅವಳ ಎದುರೇ ಕೂತಿದ್ದ. ಅವಳು ಏನು ತಂದು ಹರಡಿದಳೋ ಅದನ್ನಷ್ಟೇ ಓದಿದ. ಓದು ಬರೆಹ ಬಲ್ಲ ನಾವೆಲ್ಲ ಅವತ್ತು ಅವಳಿಗೆ ಸಿಕ್ಕದ್ದು ಹೀಗೆ: ನಾನು ಇಲ್ಲದ್ದನ್ನು ಓದಿದೆ, ವಕೀಲರು ಇದ್ದಷ್ಟನ್ನೇ ಓದಿದರು.

ಕಳೆದ ತಿಂಗಳು ಮನೂರಿಗೆ ಹೋಗಿದ್ದೆ. ತಾಂಡೂರಿನಿಂದ ಜಹೀರಾಬಾದ್, ಅಲ್ಲಿಂದ ನಾರಾಯಣಖೇಡ್, ಆಮೇಲೆ ಹತ್ತು ಜನ ತುಂಬಿದ ಆಟೋ. ಕಾಕು ತಮ್ಮನ ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. "ಬಂದೇನು ನಂದಾ? ಎಷ್ಟ ಸೊರಗೀದಿ! ಪುಸ್ತಕಾ ತಿಂತಿದ್ದೇನು, ಅನ್ನಾ ತಿಂತಿದ್ದೇನು?" ಎಂದು ಜಾಗ ಮಾಡಿಕೊಟ್ಟಳು. ನಾನೂ ಮೊರಕ್ಕೆ ಕೈ ಹಾಕಿದೆ. ಅವಳ ತಮ್ಮನ ಸೊಸೆ ಮಾಲು ಮಾರಲು ನಾರಾಯಣಖೇಡಕ್ಕೆ ಹೊರಟಿದ್ದಳು. ಹೋಗುವ ಮುಂಚೆ ಎರಡು ಕಾಳು ತಂದು ಕಾಕುವಿನ ಅಂಗೈಗೆ ಹಾಕಿ ನಿಂತಳು. ಕಾಕುವಿಗೆ ಈಗ ಹಿಂದಿನ ಹಲ್ಲು ನಾಲ್ಕೇ ಉಳಿದಿವೆ. ಕಡಿದಳು. "ಒಣಗ್ಯಾವ, ಹೋಗು. ಕಡಿಮಿ ಕೇಳಿದ್ರ ತಿರುಗಿ ತಗೊಂಬಾ" ಎಂದಳು. ಆ ಹುಡುಗಿ ಅದನ್ನು ಯಾರ ಕಿವಿಯಲ್ಲೂ ಹೇಳಬೇಕಾಗಿರಲಿಲ್ಲ. ತಾನೇ ಚೀಲ ಹೊರಿಸಿಕೊಂಡು ಹೋದಳು.

ಆಗ ನನಗೆ ಇಷ್ಟು ವರ್ಷ ಕ್ಷಮೆ ಕೇಳಬೇಕೆಂದು ಸಿದ್ಧ ಮಾಡಿಕೊಂಡಿದ್ದ ಮಾತುಗಳೆಲ್ಲ ಬೇರೆಯಾಗಿ ಕಂಡವು. ಕಾಳಿನ ಒಳಗಿನ ಹಸಿಯನ್ನು ಕಣ್ಣು ಮುಚ್ಚಿ ತಿಳಿಯುವವಳಿಗೆ, ಶೇಂಗಾ ತಿನ್ನುತ್ತ ಕಥೆ ಕಟ್ಟುವ ಹುಡುಗಿಯ ದನಿ ತಿಳಿಯಲಿಲ್ಲವೇ? ತಿಳಿದಿದ್ದರೆ ಅವಳು ಆ ಹಾಳೆಯನ್ನು ಹಿಡಿದು ಹೊರಗೆ ಬಂದದ್ದು ನನ್ನನ್ನು ನಂಬಿ ಅಲ್ಲ. ಆ ಮಾತಾಡಲು ಕೈಯಲ್ಲಿ ಏನಾದರೊಂದು ಬೇಕಿತ್ತು ಎಂದು. ಆಗ ನನ್ನ ಪಾಪ ಅರ್ಧವಾಗುತ್ತದೆ. ತಿಳಿಯದಿದ್ದರೆ ಅವಳನ್ನು ಆ ಪಡಸಾಲೆಗೆ ಕಳಿಸಿದವಳು ನಾನೇ. ನನಗೆ ಯಾವುದು ಬೇಕಿತ್ತು ಎಂಬುದು ಸ್ಪಷ್ಟ. ಅದಕ್ಕೇ ನನ್ನ ಈ ಊಹೆಯನ್ನೂ ನಾನು ನಂಬುವುದಿಲ್ಲ.

ಕೇಳಿದೆ. ಕಾಕು ಮೊರ ಒಮ್ಮೆ ಜಾಡಿಸಿ, ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು. "ಬಿಸಲ ಬಂತು, ಒಳಗ ನಡಿ" ಎಂದಳು. ಊಟಕ್ಕೆ ಹಾಕಿದಳು, ದಾರಿಗೆಂದು ಬೇಳೆ ಕಟ್ಟಿಕೊಟ್ಟಳು, ಆಟೋದ ತನಕ ಬಂದಳು. ಅಲ್ಲಿಂದೀಚೆಗೆ ಮೂರು ಸಲ ಫೋನಿನಲ್ಲಿ ಮಾತಾಡಿದ್ದೇವೆ. ಮಳೆಯದು, ಮಂಡಿನೋವಿನದು, ನನ್ನ ಸೊರಗಿದ ಮೈಯದು. ನಾನು ಕೇಳಿದ್ದು ಅಲ್ಲಿಯೇ, ಆ ಕಟ್ಟೆಯ ಮೇಲೆಯೇ ಉಳಿದಿದೆ:

"ಕಾಕೂ, ಆ ಚೌಕದಾಗ ಯಾವ ಹೆಣ್ಣಮಗಳೂ ಇಲ್ಲ ಅಂತ ನಿನಗ ಮೊದಲೇ ಗೊತ್ತಿತ್ತೇನು?"